ಫಳಾರ ಊಟವಲ್ಲ

ಬೆಟಗೇರಿ
ಫೆಬ್ರವರಿ 30, 2194

ನನಗಿಂತ ಬಹಳ ಹಿಂದಿನವರೇ,

ತಾರೀಖು ನೋಡಿ ನಗಬೇಡಿ. ಜುಲೈ, ಆಗಸ್ಟುಗಳಿಂದ ಒಂದೊಂದು ದಿನ ಕಿತ್ತು ಫೆಬ್ರವರಿಗೆ ಕೊಟ್ಟು ಬಹಳ ವರ್ಷಗಳಾದವು. ನನ್ನ ಕೆಲವು ಮಾತುಗಳು ನಿಮ್ಮ ಕಿವಿಗೆ ಒಗ್ಗದಿದ್ದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಜಾಹೀರಾತುಗಳಿಂದ ಕಲಿತವಳು, ಹಾಗಾಗಿ ಅಲ್ಲಲ್ಲಿ ಸೋಪು ಮಾರುವವಳಂತೆ ಕಂಡೇನು. ಹೆಸರು ಇಂದುಮತಿ ಬೆಳಧಡಿ. ಇಲ್ಲಿನ ಶಾಲೆಯೊಂದರ ಅಡುಗೆಮನೆ ನೋಡಿಕೊಳ್ಳುತ್ತೇನೆ. ಈ ಪತ್ರ ನನ್ನ ಅಕ್ಕ ಕಸ್ತೂರಿಯ ಸಲುವಾಗಿ.

ಮೊದಲು ನಮ್ಮ ರೀತಿ ರಿವಾಜು ಹೇಳುತ್ತೇನೆ. ನಮ್ಮಲ್ಲಿ ಯಾರೂ ಯಾರಿಗೂ ಗುಳಿಗೆ ಕೊಡುವುದಿಲ್ಲ. ಕಾಂಪೌಂಡಿನ ಆಚೆಯಿಂದ ಜ್ವರದ ಗುಳಿಗೆ ಇದ್ದರೆ ಎರಡು ಕೊಡಿ ಎಂದು ಕೇಳುವುದು ನಿಮ್ಮಲ್ಲಿ ನೆರೆಹೊರೆಯ ಪ್ರೀತಿಯಂತೆ. ನಮಗೆ ಅದು ಹಲ್ಲುಜ್ಜುವ ಬ್ರಷ್ಷು ಕೇಳಿದ ಹಾಗೆ. ಉಳಿದ ಔಷಧಿ ಓಣಿಯ ಮದ್ದುಗೂಡಿಗೆ ಹೋಗುತ್ತದೆ. ಮದ್ದುಗೂಡು ಎಂದರೆ ಬೇಡವಾದ ಮದ್ದು ತಿಪ್ಪೆಗೂ ಗಟಾರಕ್ಕೂ ಬೀಳದಂತೆ ಕೂಡಿಟ್ಟು, ಸರಿಯಾಗಿ ನಾಶ ಮಾಡುವ ಕೋಣೆ. ಡಾಕ್ಟರು ಹೇಳಿದಷ್ಟನ್ನೂ ನುಂಗಿ ಮುಗಿಸಿದವರ ಮನೆಗೆ ಓಣಿಯವರು ಹೋಳಿಗೆ ಮಾಡಿಕೊಂಡು ಹೋಗುತ್ತಾರೆ. ಅದಕ್ಕೆ ಮುಗಿಸೂಟ ಎನ್ನುತ್ತೇವೆ. ಆರಾಮಾದೆ ಎಂದು ನಡುವೆ ಕೈಬಿಟ್ಟವರಿಗೆ ಹೋಳಿಗೆಯಿಲ್ಲ, ಬೈಗುಳ ಮಾತ್ರ ಬೇಕಾದಷ್ಟು. ಇನ್ನು ಮದ್ದು ಬರುವುದು ಕೇಳುಡಬ್ಬಿಯಲ್ಲಿ. ಅದು ಹೊತ್ತಿಗೆ ಸರಿಯಾಗಿ, ನಮ್ಮೂರ ಮಾತಿನಲ್ಲೇ, ಕೇಳಬೇಕಾದದ್ದನ್ನು ಕೇಳುತ್ತದೆ. ಉತ್ತರ ಒಪ್ಪಿಗೆಯಾದರೆ ಮುಚ್ಚಳ ತೆರೆದು ಆ ಹೊತ್ತಿನ ಗುಳಿಗೆ ಕೊಡುತ್ತದೆ. ಇಂಥ ಏರ್ಪಾಡಿನಲ್ಲಿ ತಪ್ಪೇ ಆಗದು ಎಂದು ನಾವೆಲ್ಲ ಬೀಗುತ್ತಿದ್ದೆವು.

ಡಬ್ಬಿ ಮಾಡಿದವರು ನನ್ನ ಅಕ್ಕನನ್ನು ಕಂಡಿರಲಿಲ್ಲ. ಅಕ್ಕನ ಎದೆಯಲ್ಲಿ ಹಟಮಾರಿ ಸೋಂಕು. ತಿಂಗಳುಗಟ್ಟಲೆ, ದಿನವೂ ಊಟದ ನಂತರ ಗುಳಿಗೆ ನುಂಗಬೇಕಿತ್ತು. ಇಳಿದ ಜ್ವರ ಮತ್ತೆ ಏರಿತು. ಕಾರಣ ತಿಳಿಯದೆ ಡಾಕ್ಟರ್ ನದಾಫ ಒಂದು ಸೋಮವಾರ ಮನೆಗೇ ಬಂದರು. ಅಕ್ಕ ಸಾಬೂದಾಣಿ ಖಿಚಡಿಯ ತಟ್ಟೆ ಹಿಡಿದು ಕೂತಿದ್ದಳು, ಪಕ್ಕದಲ್ಲಿ ಬಾಳೆಹಣ್ಣು. ಅಷ್ಟರಲ್ಲಿ ಡಬ್ಬಿ ಕೇಳಿತು: "ಊಟಾ ಆತೇನ್ರಿ ಅಕ್ಕಾರ?"

ಅಕ್ಕ ಬಾಯಲ್ಲಿದ್ದುದನ್ನು ನುಂಗಿ, "ಇಲ್ಲಪಾ, ಇವತ್ತ ಸ್ವಾಮಾರ, ಉಪಾಸ ಅದೀನಿ" ಎಂದಳು. "ಹಂಗಾರ ಊಟಾ ಆದ ಮ್ಯಾಲ ಕೇಳ್ತೀನ್ರಿ" ಎಂದು ಡಬ್ಬಿ ಸುಮ್ಮನಾಯಿತು.

ಡಾಕ್ಟರು ತಟ್ಟೆಯನ್ನೇ ನೋಡುತ್ತ, "ಮತ್ತ ಅದೇನ್ರಿ ಕೈಯಾಗಿಂದು?" ಎಂದರು. "ಇದು ಫಳಾರರೀ. ಫಳಾರಕ್ಕ ಊಟಾ ಅಂತಾರೇನು?" ಎಂದಳು ಅಕ್ಕ, ಇಷ್ಟೂ ತಿಳಿಯದೆ ಹೇಗೆ ಡಾಕ್ಟರಾದಿರಿ ಎಂಬ ಮುಖದಲ್ಲಿ.

ಸೋಮವಾರವಷ್ಟೇ ಅಲ್ಲ, ಗುರುವಾರ, ಏಕಾದಶಿ, ಸಂಕಷ್ಟಿ, ಅಕ್ಕನಿಗೆ ಯಾವ ದೇವರ ಮೇಲೂ ಮುನಿಸಿಲ್ಲ. ಅಷ್ಟೂ ಉಪವಾಸದಲ್ಲಿ ಡಬ್ಬಿಯೂ ಅವಳ ಜೊತೆ ಬಾಯಿ ಮುಚ್ಚಿಕೊಂಡಿತ್ತು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ನನಗೆ ನಗುವೂ ಬಂತು, ಹೆದರಿಕೆಯೂ ಆಯಿತು. ಡಾಕ್ಟರು ಬೈಯಲಿಲ್ಲ. ಅಂದೇ ಡಬ್ಬಿಯ ಪ್ರಶ್ನೆ ಬದಲಿಸಿದರು: "ಹೊಟ್ಟ್ಯಾಗ ಏನರ ಬಿದ್ದೈತೇನ್ರಿ?" ಈಗ ಊರಿನ ಎಲ್ಲ ಡಬ್ಬಿಗಳೂ ಹಾಗೇ ಕೇಳುತ್ತವೆ. ನಿಮ್ಮಲ್ಲಿ ಕೇಳುವ ಡಬ್ಬಿಯಿಲ್ಲ, ಆದ್ದರಿಂದ ನೀವೇ ಕೇಳಿ. ಉಪವಾಸವಿದ್ದರೆ ಏನು ಮಾಡಲಿ, ಬೇರೆ ಗುಳಿಗೆ ನಡೆದಿದೆ, ಇದರ ಜೊತೆ ನುಂಗಬಹುದೇ, ಒಂದು ಹೊತ್ತು ಮರೆತರೆ ಹೇಗೆ ಎಂದು ಡಾಕ್ಟರ ಮುಂದೆ ನಾಚಿಕೆ ಬಿಟ್ಟು ಕೇಳಿ.

ಆದರೆ ಅಷ್ಟರಲ್ಲಾಗಲೇ, ಉಪವಾಸದ ದಿನಗಳಲ್ಲಿ ತಪ್ಪಿದ ಗುಳಿಗೆಗಳಿಂದಾಗಿ, ರೋಗಾಣು ಆ ಮದ್ದನ್ನು ಜಯಿಸಿತ್ತು. ಉಳಿದದ್ದು ನಿಮ್ಮ ಕಾಲದ ಒಂದು ಹಳೆಯ ಗುಳಿಗೆ. ಅದರ ಓರಗೆಯ ಹೆಚ್ಚಿನ ಗುಳಿಗೆಗಳು ನಮ್ಮಲ್ಲಿ ಕೆಲಸ ಮಾಡುವುದಿಲ್ಲ. ನೀವು ನೆಗಡಿಗೆಲ್ಲ ನುಂಗಿ, ಎರಡೇ ದಿನಕ್ಕೆ ಬಿಟ್ಟು, ಉಳಿದದ್ದನ್ನು ಮುಂದಿನ ಜ್ವರಕ್ಕೆಂದು ತೆಗೆದಿಟ್ಟು ಅವನ್ನು ಸುಣ್ಣದ ತುಂಡು ಮಾಡಿದಿರಿ. ಈ ಗುಳಿಗೆಯ ಹೆಸರು ಹೇಳಲಾರೆ. ಹೇಳಿದರೆ ಚೀಟಿಯಿಲ್ಲದೆ ಹೋಗಿ ಕೊಂಡು ಬರುತ್ತೀರಿ, ನಿಮ್ಮನ್ನು ನಾನು ಬಲ್ಲೆ.

ಇದನ್ನೂ ಅಕ್ಕ ಕೊನೆಯತನಕ ನುಂಗಬೇಕು, ನುಂಗುತ್ತಾಳೆ, ನಾನಿದ್ದೇನೆ. ಇಂದು ಬೆಳಿಗ್ಗೆ ಅವಳ ಹಣೆ ಮುಟ್ಟಿದೆ, ತಣ್ಣಗಿತ್ತು. ಉಪ್ಪಿಟ್ಟಿಗೆ ಉಪ್ಪು ಕಡಿಮೆ ಎಂದು ನನ್ನನ್ನು ಬೈದಳು. ಮದ್ದು ಹಿಡಿದಿದೆ. ಹಾಗಾದರೆ ನಿಮ್ಮಲ್ಲಿ ಯಾರೋ, ಜ್ವರ ಬಿಟ್ಟ ಮೇಲೂ, ಬಾಯಿ ಕಹಿಯಾದರೂ, ಈ ಗುಳಿಗೆಯನ್ನು ಪೂರ್ತಿ ನುಂಗಿ ಮುಗಿಸಿದ್ದೀರಿ, ಅದಕ್ಕೇ ರೋಗಾಣು ಇದಕ್ಕೆ ಇನ್ನೂ ಬಗ್ಗುತ್ತದೆ. ಅದು ಯಾರೆಂದು ನನಗೆ ತಿಳಿಯದು. ನೀವೇ ಇರಬಹುದು. ಹಾಗಿದ್ದರೆ ಇವತ್ತಿನದನ್ನು ತಪ್ಪಿಸಬೇಡಿ. ನನಗಿರುವುದು ಒಬ್ಬಳೇ ಅಕ್ಕ.