ಕಂಬಳಿ ಹೊದೆಯದ ಎಂಜಿನ್

ಜೋಗಿಮಟ್ಟಿ ತಪ್ಪಲಿನ ಎಣ್ಣೆ ಪರೀಕ್ಷೆಯ ಅಂಗಳ,
ಎರಡು ಸಾವಿರದ ಇನ್ನೂರ ಹತ್ತೊಂಬತ್ತು, ಹದಿಮೂರನೆಯ ತಿಂಗಳು.

ನಮಗಿಂತ ಇನ್ನೂರು ವರ್ಷ ಹಿಂದಿರುವ ಹಿರಿಯರಿಗೆ ಚನ್ನವೀರಪ್ಪನ ನಮಸ್ಕಾರ. ಈ ತಿಂಗಳು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ. ಚಳಿಗಾಲ ಉದ್ದವಾದ ಮೇಲೆ ನಾವು ಸೇರಿಸಿಕೊಂಡದ್ದು. ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ನಿಮ್ಮ ಕಾಲದ ಇಂಗ್ಲಿಷನ್ನು ಕಾಲೇಜಿನಲ್ಲಿ ಓದಿದ್ದೆ. ‘ಡ್ಯೂರಬಿಲಿಟಿ’ ಎಂಬುದೊಂದು ಉಳಿದಿದೆ, ಅದರ ಹಿಂದುಮುಂದಿನದೆಲ್ಲ ಮರೆತಿದೆ. ಬಾಳಿಕೆ ಎಂದಿಟ್ಟುಕೊಳ್ಳಿ, ಇಲ್ಲಿ ನಾನು ಪರೀಕ್ಷಿಸುವುದು ಅದನ್ನೇ. ಮೊದಲು ವಿಷಯಕ್ಕೆ ಬನ್ನಿ ಎನ್ನುತ್ತಿದ್ದಳು ನನ್ನಾಕೆ ಸಿದ್ದವ್ವ. ಅವಳು ಹೋದ ಮೇಲೆ ನಾನು ವಿಷಯಕ್ಕೆ ಬರುವುದು ನಿಧಾನವಾಗಿದೆ.

ನಮ್ಮ ಗಾಡಿಗಳು ಕೆರೆಯ ಪಾಚಿಯಿಂದ ತೆಗೆದ ಪಾಚೆಣ್ಣೆಯಲ್ಲಿ ಓಡುತ್ತವೆ. ಎಂಜಿನ್ನಿಗೆ ಕಿಟ್ಟ ಕಟ್ಟದಿರಲೆಂದು ಅದಕ್ಕೆ ಬೆರೆಸುವ ಮದ್ದಿಗೆ ಒಗ್ಗರಣೆ ಎನ್ನುತ್ತೇವೆ. ಬೆಟ್ಟದ ಮೇಲಿನ ಮೇಲ್ಗಲ್ಲು ಎಂಬ ಊರಿಗೆ, ಬಸುರಿಯರನ್ನು ಕೆಳಗೆ ಕರೆತರುವ ಹೆರಿಗೆಗಾಡಿ ಹೋಗಬೇಕಾದರೆ ಹೊಸ ಒಗ್ಗರಣೆ ನಮ್ಮಲ್ಲಿ ಪಾಸಾಗಬೇಕು. ಅಲ್ಲಿ ನನ್ನ ಮಗಳು ಪಾರ್ವತವ್ವ ತುಂಬು ಬಸುರಿ. ಮೊದಲೇ ಇಳಿದು ಬಾ ಎಂದರೆ, ಕುರಿಗಳನ್ನು ನೀನು ಬಂದು ಕಾಯುತ್ತೀಯಾ ಎಂದು ಕೇಳುತ್ತಾಳೆ. ಗಾಡಿ ಹತ್ತದಿದ್ದರೆ ಅವಳನ್ನು ಜೋಳಿಗೆಯಲ್ಲಿ ಹೊತ್ತು ಕಲ್ಲುದಾರಿ ಇಳಿಸಬೇಕು.

ಒಗ್ಗರಣೆ ಚೆನ್ನಾಗಿಯೇ ಗೆದ್ದಿತ್ತು. ಮಳೆಗಾಲವಿಡೀ ಓಡಿಸಿ ಎಂಜಿನ್ ಬಿಚ್ಚಿದರೆ ಪಿಸ್ಟನ್ ಸವೆದಿರಲಿಲ್ಲ, ಕಿಟ್ಟವೂ ಇರಲಿಲ್ಲ. ನಾವು ಬೆಲ್ಲ ಹಂಚಿದೆವು. ಆಗ ಹೆರಿಗೆಗಾಡಿ ಓಡಿಸುವ ಬೋರಕ್ಕ ಬಂದವಳು, ನಿಂತ ಎಂಜಿನ್ನಿನ ಮೇಲಿದ್ದ ಕಂಬಳಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು. ದುಡಿದದ್ದಕ್ಕೆ ಸಂಜೆ ಹೊದಿಸಬೇಕು, ಬೆಳಿಗ್ಗೆ ಬಿಸಿನೀರು ಸುರಿದು ಎಬ್ಬಿಸಬೇಕು ಎಂಬುದು ನಮ್ಮ ಅಂಗಳದ ರೂಢಿ, ದನಕ್ಕೆ ಮಾಡಿದಂತೆಯೇ.

“ಅಣ್ಣಾ, ಇದೇನು ಪರೀಕ್ಷೆನಾ, ಬಾಣಂತನನಾ? ಮೇಲ್ಗಲ್ಲಾಗೆ ಇದಕ್ಕೆ ಕಂಬಳಿ ಹೊದಿಸೋರು ಯಾರು?” ಎಂದಳು.

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೂ ಆ ರಾತ್ರಿ ಗಾಡಿಯನ್ನು ಅಂಗಳದಾಚೆಯ ಗಾಳಿಗುಡ್ಡದ ಮೇಲೆ ಕಂಬಳಿಯಿಲ್ಲದೆ ಬರಿಮೈಯಲ್ಲಿ ನಿಲ್ಲಿಸಿ ಬಂದೆವು. ಬೆಳಿಗ್ಗೆ ಹೋದರೆ ಟ್ಯಾಂಕಿನ ಎಣ್ಣೆ ತುಪ್ಪದಂತೆ ಹೆಪ್ಪುಗಟ್ಟಿತ್ತು. ಎಂಜಿನ್ ಗುರುಗುಟ್ಟಿ ಸುಮ್ಮನಾಯಿತು. ಕಿಟ್ಟ ತಡೆಯುವ ಒಗ್ಗರಣೆಯೇ ಚಳಿಯಲ್ಲಿ ಎಣ್ಣೆಯನ್ನು ಹಿಡಿದು ನಿಲ್ಲಿಸುತ್ತಿತ್ತು. ಅದನ್ನು ಅರ್ಧಕ್ಕಿಳಿಸಿ, ಹೊಂಗೆಯಿಂದ ತೆಗೆದ ತೆಳು ರಸ ಸೇರಿಸಿ, ಮತ್ತೆ ಮತ್ತೆ ಗುಡ್ಡಕ್ಕೆ ಹೋದೆವು. ಎಂಜಿನ್ ಕೆಮ್ಮಿತು, ಆರಿತು, ನಮ್ಮನ್ನು ಅಳಿಸಿತು.

ಈವತ್ತು ಬೆಳಿಗ್ಗೆ, ಹಿರಿಯರೇ, ಹಿಮ ಮೆತ್ತಿದ್ದ ಅದೇ ಎಂಜಿನ್ ಬೋರಕ್ಕ ಕೀಲಿ ತಿರುಗಿಸಿದೊಡನೆ ಎದ್ದಿತು. ಅವಳು ಗಾಡಿಯಿಂದ ಇಳಿಯಲೇ ಇಲ್ಲ. ಪಾರ್ವತವ್ವನಿಗೆ ನೋವು ಶುರುವಾಗಿದೆ ಎಂದು ಸುದ್ದಿ ಬಂದಿತ್ತು. ಹಾಗೆಯೇ ಮೇಲಕ್ಕೆ ಹೊಡೆದಳು. ನಾನು ಕೆಳಗೆ ಕುಳಿತು, ದಾರಿ ನೋಡುತ್ತಾ ಇದನ್ನು ಬರೆಯುತ್ತಿದ್ದೇನೆ.

ನಿಮ್ಮಲ್ಲೊಂದು ಬೇಡಿಕೆ. ಯಾವ ಎಣ್ಣೆಯನ್ನೇ ಪರೀಕ್ಷಿಸಿ, ಕೊನೆಗೊಮ್ಮೆ ಗಾಡಿಯನ್ನು ಅದರ ಮೇಲೆ ಅಕ್ಕರೆಯಿಲ್ಲದವರ ಕೈಗೆ ಕೊಡಿ.

ತಿರುವಿನಲ್ಲಿ ಗಾಡಿಯ ಸದ್ದು ಕೇಳುತ್ತಿದೆ. ಎಂಜಿನ್ನಿನ ಸದ್ದಿನ ಮೇಲೆ ಇನ್ನೊಂದು ಸದ್ದಿದೆ, ಸಣ್ಣದು, ಸಿಟ್ಟಿನದು, ಎಳೆಗಂಟಲಿನದು. ನಾನು ಎದ್ದೆ.