ನಾದಿನಿಯ ಕಾಪಿ

ಜೂನ್ 3, ಬೆಳಗ್ಗೆ

ಸ್ಕ್ರೀನ್ ಮೇಲೆ ಬಿಲ್ಡ್ ಮತ್ತೆ ಕೆಂಪು, ಅಂದ್ರೆ ಫೇಲ್. ಬ್ಯಾಗ್ ಕೆಳಗಿಡೋಕೂ ಬಿಡದೆ ಟೆಸ್ಟರ್ ಬಂದು ನಿಂತ. ‘ನಿನ್ನೆ ಓಡ್ತಿತ್ತು, ಇವತ್ತು ಕಂಪೈಲೇ ಆಗ್ತಿಲ್ಲ.’ ನಾನು ಏನೂ ಮುಟ್ಟಿಲ್ಲ. ಮುಟ್ಟಿದ್ದು ನಾದಿನಿ, ಅವಳೂ ಇದೇ ಆಫೀಸು.

ನನ್ನದು ದೊಡ್ಡವರ ಡ್ರಿಪ್ ಪಂಪಿನ ಸಾಫ್ಟ್‌ವೇರ್, ಅವಳದು ಹಸುಗೂಸುಗಳದು. ಔಷಧಿ ಎಷ್ಟು ವೇಗವಾಗಿ ಇಳೀಬೇಕು ಅನ್ನೋ ಲೆಕ್ಕದ ಕೋಡ್ ಇಬ್ಬರಿಗೂ ಒಂದೇ. ಅದಕ್ಕಂತಲೇ ಬೇರೆ ರೆಪೊ, ಕೋಡ್ ಇಡೋ ಕಣಜ. ಎರಡೂ ಪ್ರಾಜೆಕ್ಟು ಅಲ್ಲಿಂದ ಎಳ್ಕೊಳ್ತವೆ. ಅವಳು ತನಗೆ ಬೇಕಾದ ಹಾಗೆ ಬದಲಾಯಿಸಿ ಅಲ್ಲಿಗೇ ಪುಶ್ ಮಾಡಿದ್ದಾಳೆ. ಒಂದು ಮಾತಿಲ್ಲ.

ಕೇಳಿದೆ. ‘ಕಮಿಟ್ ಟಿಪ್ಪಣೀಲಿ ಬರೆದಿದ್ದೀನಲ್ಲ, ಓದ್ಕೊಳ್ಳಿ ಮೇಡಂ.’

ಮನೇಲಿ ಅತ್ತಿಗೆ, ಆಫೀಸಲ್ಲಿ ಮೇಡಂ. ಆ ಮೇಡಂ ಒಳಗಿನ ಮುಳ್ಳು ಬೇರೆ ಯಾರಿಗೂ ಚುಚ್ಚಲ್ಲ.

ಜೂನ್ 4

ನನ್ನ ಪ್ರಾಜೆಕ್ಟನ್ನ ಕಾಮನ್ ಕೋಡಿನ ಹಳೇ ಕಮಿಟ್‌ಗೆ, ಅವಳು ಮುಟ್ಟೋ ಮುಂಚಿನ ಪ್ರತಿಗೆ, ಕಟ್ಟಿಹಾಕಿದೆ. ನಾನಾಗಿ ಹೊಸದಕ್ಕೆ ಹೋಗೋವರೆಗೆ ಅವಳು ಏನು ಕುಣಿದರೂ ನನಗೆ ತಾಗಲ್ಲ. ‘ನೀನೂ ಹೀಗೇ ಮಾಡು’ ಅಂದೆ.

‘ಅದನ್ನೂ ನಿಮ್ಮಿಂದ ಕಲೀಬೇಕಾ?’

ಜೂನ್ 6

ಕಾಮನ್ ಕೋಡಿನ ಫೋಲ್ಡರ್ ಪೂರ್ತಿ ಕಾಪಿ ಹೊಡೆದು ತನ್ನ ಪ್ರಾಜೆಕ್ಟ್ ಒಳಗೆ ಹಾಕ್ಕೊಂಡಳು. ನಂಟು ಕಟ್. ‘ಇನ್ಮೇಲೆ ಯಾರ ಹಂಗೂ ಬೇಡ.’ ಬಾಸ್ ತಲೆಯಾಡಿಸಿದರು — ಜಗಳ ನಿಂತರೆ ಸಾಕು ಅವರಿಗೆ.

ರಾತ್ರಿ ಮನೇಲಿ ಊಟಕ್ಕೆ ಕೂತಾಗ ಉಪ್ಪು ಕೇಳಿದೆ. ಅವಳ ಕೈಯಿಂದ ಅತ್ತೆಗೆ, ಅತ್ತೆಯಿಂದ ಇವರಿಗೆ, ಇವರಿಂದ ನನಗೆ.

ಜುಲೈ 9

ಟೆಸ್ಟರ್ ಒಂದು ತಪ್ಪು ಹಿಡಿದ. ಪಂಪು ಓಡ್ತಿರುವಾಗ ನರ್ಸ್ ರೋಗಿಯ ತೂಕ ತಿದ್ದಿದರೆ ಲೆಕ್ಕ ಹಳೇ ತೂಕದಲ್ಲೇ ನಡೆಯುತ್ತೆ. ಮೊದಲಿಂದಲೂ ಇದ್ದ ತಪ್ಪು, ಕಾಮನ್ ಕೋಡಲ್ಲಿ. ಮಧ್ಯಾಹ್ನದೊಳಗೆ ಸರಿ ಮಾಡಿದೆ.

ಆದರೆ ಅವಳ ಕಾಪಿಗೆ ಅದು ತಲುಪಲ್ಲ. ಹೋಗಿ ಹೇಳಿದೆ.

‘ನನ್ನ ಕೋಡಲ್ಲಿ ಇಣುಕಬೇಡಿ.’

ಹಾಳಾಗಲಿ, ಎಲ್ಲರೆದುರು ಮುಗ್ಗರಿಸಿ ಬೀಳಲಿ ಅನ್ನಿಸ್ತು. ಆಮೇಲೆ ನೆನಪಾಯ್ತು... ಬೀಳೋದು ಅವಳಲ್ಲ. ಹಾಲು ಕುಡಿಯೋ ಕೂಸು.

ಜುಲೈ 11

ತಿದ್ದುಪಡಿಯನ್ನ ನಾನೇ ಅವಳ ರೆಪೊದಲ್ಲಿ ಬೇರೆ ಬ್ರಾಂಚ್ ಮಾಡಿ, ನೋಡಿ ಸೇರಿಸ್ಕೊ ಅಂತ ರಿವ್ಯೂಗೆ ಕಳಿಸಿದೆ. ಓದದೇ ಮುಚ್ಚಿದಳು. ನಾಳೆ ಅವಳ ಪಂಪು ಆಸ್ಪತ್ರೆಗೆ ಹೊರಡುತ್ತೆ.

ಜುಲೈ 12

ಬೆಳಗ್ಗೆಯೇ ಬಾಸ್ ರೂಮಿಗೆ ಅವಳ ಪಂಪನ್ನೇ ಹೊತ್ಕೊಂಡು ಹೋದೆ. ಟೆಸ್ಟರ್ ಜೊತೆಗಿದ್ದ. ಅವಳನ್ನೂ ಕರೆಸಿದರು. ಟೆಸ್ಟರ್ ತೂಕ ಮೂರು ಕಿಲೋ ಇಟ್ಟು ಚಾಲೂ ಮಾಡಿದ, ಒಂದೂವರೆಗೆ ಇಳಿಸಿದ. ಔಷಧಿ ಅದೇ ವೇಗದಲ್ಲಿ ಇಳೀತಾನೇ ಇತ್ತು. ಒಂದು ಕೂಸಿಗೆ ಎರಡು ಕೂಸಿನದು.

ಬಾಸ್ ಫೋನ್ ಎತ್ತಿ, ಲಾರಿಗೆ ಪಂಪು ಲೋಡ್ ಮಾಡೋದನ್ನ ನಿಲ್ಲಿಸಿದರು.

ಕಾರಿಡಾರಲ್ಲಿ ಅಡ್ಡ ನಿಂತಳು. ‘ಮನೇಲೇ ಹೇಳಬಹುದಿತ್ತಲ್ಲ ಅತ್ತಿಗೆ? ಎಲ್ಲರ ಮುಂದೆ ಮಾನ ಕಳೀಬೇಕಿತ್ತಾ?’

‘ಹೇಳಿದ್ದೆ. ನೀನು ಬಾಗಿಲು ಹಾಕ್ಕೊಂಡೆ.’

‘ಹೇಳಿದ್ದಲ್ಲ. ಚುಚ್ಚಿದ್ದು.’

ಜುಲೈ 13

ಇವರು ಷರ್ಟಿನ ಗುಂಡಿ ಹಾಕ್ಕೊಳ್ತಾ, ನನ್ನ ಕಡೆ ನೋಡದೆ — ‘ಗೆದ್ದೆಯಲ್ಲ, ಖುಷಿನಾ?’

‘ಮಕ್ಕಳ ಜೀವದ ವಿಷಯ.’

‘ಅದು ಸರಿ. ನಾನು ಕೇಳಿದ್ದು ಖುಷಿನಾ ಅಂತ.’

ಡಬ್ಬಿ ಕಟ್ಟೋಕೆ ಅಡುಗೆಮನೆಗೆ ಹೋದೆ. ಖುಷಿಯಾಗಿತ್ತು.

ಜುಲೈ 26

ಬಾಸ್ ತೀರ್ಮಾನ: ಕಾಪಿ ರದ್ದು. ಇಬ್ಬರೂ ಮತ್ತೆ ಒಂದೇ ಕಾಮನ್ ಕೋಡ್. ಅದರಲ್ಲಿ ಒಬ್ಬಳು ಏನು ಬದಲಾಯಿಸಿದರೂ ಇನ್ನೊಬ್ಬಳು ಅಪ್ರೂವ್ ಮಾಡಬೇಕು. ನಾನು ಕೈ ಕಟ್ಟಿ ಕೂತಿದ್ದೆ. ಅವಳೂ.

ಜುಲೈ 29, ಮಧ್ಯಾಹ್ನ

ಅವಳ ಮೊದಲ ಬದಲಾವಣೆ ನನ್ನ ಅಪ್ರೂವಲ್‌ಗೆ ಬಂದಿದೆ. ತಪ್ಪು ಸಿಕ್ಕೀತು ಅಂತ ಸಾಲು ಸಾಲಾಗಿ ಜಾಲಾಡಿದೆ. ಇಲ್ಲ. ನಾನು ಬರೆದಿದ್ದ ಒಂದು ಗಜಿಬಿಜಿ ಲೂಪನ್ನ ಎರಡೇ ಸಾಲಿಗೆ ಇಳಿಸಿದ್ದಾಳೆ. ಅಚ್ಚುಕಟ್ಟು. ಮೈ ಉರೀತು.

ಮೆಸೇಜ್ ಬಂತು. ‘ಮೇಡಂ, ಬೆಳಗ್ಗೆಯಿಂದ ಕಾಯ್ತಿದ್ದೀನಿ.’

ಅಪ್ರೂವ್ ಬಟನ್ ಮೇಲೇ ಬೆರಳಿದೆ. ಒತ್ತಿದರೆ ಮುಗೀತು.

ಕಾಯಲಿ. ಇನ್ನೊಂದು ಸಲ ಮೊದಲಿಂದ ಓದಿ—