ಚಿನ್ನ ಮುಗಿದ ಮೇಲೆ

ಎಜುಕೇಶನ್ ಹಿಲ್, ರೆಡ್‌ಮಂಡ್
8 ಫೆಬ್ರವರಿ 2026

ಪ್ರೀತಿಯ ಜಯಂತ್,

ದಿನಾ ವಿಡಿಯೋ ಕಾಲ್ ಮಾಡೋಳು ಕಾಗದ ಯಾಕೆ ಬರೀತಿದಾಳೆ ಅಂದ್ಕೋಬೇಡ. ಫೋನ್ ಹಿಡಿದರೆ ಯಾಮಿನಿ ಪಕ್ಕದಲ್ಲೇ ಇರ್ತಾಳೆ. ಮಗಳ ಮುಂದೆ ಹೇಳೋಕಾಗದ್ದು ಇದು. ವಾರದಿಂದ ಬರೀಬೇಕು ಅಂತಿದ್ದೆ, ಧೈರ್ಯ ಸಾಲಲಿಲ್ಲ. ಅತ್ತೆ ಮಂಡಿನೋವು ಹೇಗಿದೆ?

ನಿನ್ನ ವೀಸಾ ಸ್ಟ್ಯಾಂಪಿಂಗ್ ಮತ್ತೆ ಮುಂದಕ್ಕೆ ಹೋಯ್ತು ಅಂದಾಗ ನಾನು ನಕ್ಕು, ಮೈಸೂರಲ್ಲಿ ಆರಾಮಾಗಿ ಇದ್ದು ಬಾ ಅಂದೆನಲ್ಲ, ಆ ನಗು ಸುಳ್ಳು. ಅದೇ ವಾರ ಯಾಮಿನಿಗೆ ಸ್ಕೂಲಲ್ಲಿ ಪ್ರಾಜೆಕ್ಟ್ ಕೊಟ್ಟಿದ್ದರು, ಗಡಿಯಾಚೆ ಕೆನಡಾದ ಬ್ರಿಟಿಷ್ ಕೊಲಂಬಿಯಾ ಹೇಗೆ ಬೆಳೀತು ಅಂತ. 1858ರಲ್ಲಿ ಅಲ್ಲಿನ ಫ್ರೇಸರ್ ನದಿಯಲ್ಲಿ ಚಿನ್ನ ಇದೆ ಅನ್ನೋ ಸುದ್ದಿ ಹಬ್ಬಿದ್ದೇ, ಕೆಲವೇ ನೂರು ಜನರಿದ್ದ ವಿಕ್ಟೋರಿಯಾ ಅನ್ನೋ ಊರಿಗೆ ಒಂದೇ ಬೇಸಿಗೆಯಲ್ಲಿ ಸಾವಿರಾರು ಜನ ಬಂದಿಳಿದರಂತೆ. ಇರೋಕೆ ಮನೆ ಸಾಲದೆ ಡೇರೆ ಹಾಕ್ಕೊಂಡರಂತೆ. ಅದೇ ವರ್ಷ ಬ್ರಿಟಿಷರು ಆ ನದಿಯ ಸೀಮೆಯನ್ನೇ ವಸಾಹತು ಮಾಡ್ಕೊಂಡರಂತೆ. ಡೇರೆಗಳ ಚಿತ್ರ ಚೆನ್ನಾಗಿ ಬರೆದಿದ್ದಳು.

ಊಟಕ್ಕೆ ಕೂತಾಗ, ಅಪ್ಪಾನೂ ಹಾಗೇ ಬಂದಿದ್ದಾ ಅಂತ ಕೇಳಿದಳು. ಹೌದು ಕಣೆ, ಕೆಲಸ ಇದೆ ಅಂತ ಕರೆದರು, ಬಂದ್ವಿ ಅಂದೆ. ಆಮೇಲೆ ಅವಳೇ ಹೇಳಿದಳು, ಚಿನ್ನ ಕಮ್ಮಿ ಆದಮೇಲೆ ಚೀನಾದಿಂದ ಬಂದವರು ಯಾರಿಗೂ ಬೇಡವಾದರು ಅಂತ. ನಮ್ಮ ಸಿಯಾಟಲ್‌ನಲ್ಲೇ ಒಂದು ಗುಂಪು ಅವರ ಮನೆಮನೆಗೆ ನುಗ್ಗಿ, ಬಂದರಿಗೆ ನಡೆಸ್ಕೊಂಡು ಹೋಗಿ ಹಡಗು ಹತ್ತಿಸೋಕೆ ನಿಂತಿತ್ತಂತೆ.

"ಬಾಗಿಲು ತೆಗೀದೇ ಇದ್ದಿದ್ರೆ ಬಿಟ್ಟುಬಿಡ್ತಿದ್ರಾ, ಅಮ್ಮಾ?"

ಅವಳ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದೆ.

ಹೋದ ಶನಿವಾರ ಬೆಳಿಗ್ಗೆ ಬೆಲ್ ಆಯ್ತು. ಕಿಟಕಿಯಿಂದ ಕಂಡಿದ್ದು ಒಂದು ಕಪ್ಪು ಜಾಕೆಟ್ ಮಾತ್ರ. ಈಗ ಎಲ್ಲೆಲ್ಲೂ ಜನರನ್ನ ಹಿಡ್ಕೊಂಡು ಹೋಗ್ತಿರೋ ಇಮಿಗ್ರೇಷನ್ ಪೊಲೀಸರೇ ಅಂದ್ಕೊಂಡೆ. ನಮ್ಮ ಪೇಪರ್ಸ್ ಎಲ್ಲಾ ಸರಿಯಾಗೇ ಇವೆ, ಆದ್ರೂ ನಾನು ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತುಬಿಟ್ಟೆ. ಮತ್ತೆ ಬೆಲ್. ಆಮೇಲೆ, "ನಾನು ಮಾರಾಯ್ತಿ, ಮಾರ್ಗರೆಟ್" ಅಂತ ಮಂಗಳೂರು ಕನ್ನಡ ಕೇಳಿಸ್ತು. ಪಕ್ಕದ ಬೀದಿಯಿಂದ ಪತ್ರೊಡೆ ತಂದಿದ್ದರು. ತಿರುಗಿ ನೋಡಿದರೆ ಯಾಮಿನಿ ಇಲ್ಲ. ಇಬ್ಬರೂ ಹುಡುಕಿದ್ವಿ. ಕೋಟು ನೇತುಹಾಕೋ ಕಪಾಟಿನೊಳಗೆ ಶೂ ಹಾಕ್ಕೊಂಡು, ಎರಡೂ ಕೈಯಲ್ಲಿ ಬಾಯಿ ಮುಚ್ಕೊಂಡು ಕೂತಿದ್ದಳು. ಎತ್ಕೊಂಡು ಎಷ್ಟು ಸಮಾಧಾನ ಮಾಡಿದ್ರೂ ಶೂ ಬಿಚ್ಚೋಕೆ ಬಿಡಲಿಲ್ಲ.

ಈಗ ಪರವಾಗಿಲ್ಲ. ಮಾರ್ಗರೆಟ್ ಫೋನ್ ಮಾಡಿಯೇ ಬರ್ತಾರೆ. ಟೀಚರ್ ಹತ್ತಿರಾನೂ ಮಾತಾಡಿದೀನಿ. ನೀನು ಚಿಂತೆ ಮಾಡಿ ಊಟ ಬಿಡಬೇಡ. ಅತ್ತೆಗೆ ನನ್ನ ನಮಸ್ಕಾರ. ದೇವರು ನಿನ್ನನ್ನ ಚೆನ್ನಾಗಿಟ್ಟಿರಲಿ.

ನಿನ್ನ
ಭಾವನಾ

ತಾ.ಕ.: ಇದೊಂದನ್ನ ಬರೀದೆ ಕವರ್ ಅಂಟಿಸೋಕೆ ಆಗ್ತಿಲ್ಲ. ಸಂಜೆ ದೀಪ ಹಚ್ಚಿದಾಗ ಯಾಮಿನಿ ಕಣ್ಣು ಮುಚ್ಕೊಂಡು ಏನೋ ಪಿಸುಗುಟ್ತಾಳೆ. ದೇವರಿಗೆ ಇಂಗ್ಲಿಷ್ ಬರಲ್ಲ ಅಂತ ನೀನು ತಮಾಷೆಗೆ ಹೇಳಿದ್ದನ್ನ ನಂಬಿಕೊಂಡು ಕನ್ನಡದಲ್ಲೇ ಬೇಡ್ಕೋತಾಳೆ. ಅಪ್ಪ ಬೇಗ ಬರಲಿ ಅಂತ ಇರಬೇಕು ಅಂದ್ಕೊಂಡಿದ್ದೆ. ನಿನ್ನೆ ಹತ್ತಿರ ನಿಂತು ಕೇಳಿಸ್ಕೊಂಡೆ. "ದೇವರೇ, ಅಪ್ಪ ಅಲ್ಲೇ ಇರಲಿ. ಇಲ್ಲಿಗೆ ಬರೋದು ಬೇಡ." ನಾನೂ ಪಕ್ಕದಲ್ಲೇ ಕೈಮುಗಿದು ನಿಂತಿದ್ದೆ, ಜಯಂತ್. ಹಾಗನ್ನಬೇಡ ಅನ್ನೋಕೆ ನನಗೆ ಬಾಯಿ ಬರಲಿಲ್ಲ.